ಮುಳ್ಳು ತೆಗೆಯುವ ಕಣ್ಣು

ಕಣ್ಣಿನ ಆಪರೇಷನ್ನಿಗೆ ಹೋದವರ ಮೈಮೇಲಿನ ಲೋಹವನ್ನೆಲ್ಲ ತೆಗೆಸುತ್ತಾರೆ. ಓಲೆ, ಬಳೆ, ಸರ, ಯಾವುದೂ ಇರಬಾರದು. ಎರಡು ವರ್ಷದ ಹಿಂದೆ ನನ್ನ ಬಲಗಣ್ಣಿನ ಪೊರೆ ತೆಗೆಯುವ ದಿನ ನಾನು ಎಲ್ಲವನ್ನೂ ಕಳಚಿ ಅಕ್ಕನ ಕೈಗೆ ಕೊಟ್ಟು, ಆಸ್ಪತ್ರೆಯ ಹಸಿರು ಅಂಗಿ ತೊಟ್ಟು ಶಿಸ್ತಾಗಿ ಕೂತಿದ್ದೆ. ನರ್ಸ್ ಬಂದು ಮೇಲಿಂದ ಕೆಳಗೆ ನೋಡಿ, "ಅಮ್ಮ, ಅದೊಂದು ಬಾಕಿ ಉಂಟಲ್ಲ" ಎಂದಳು. ನೋಡಿದರೆ ಅಂಗಿಯ ತೋಳಿನಲ್ಲಿ ನನ್ನ ಸೇಫ್ಟಿ ಪಿನ್. ಬಳೆ ತೆಗೆಯುವಾಗ ಬಳೆಯಲ್ಲಿದ್ದ ಪಿನ್ನನ್ನು ನನಗೇ ಗೊತ್ತಿಲ್ಲದ ಹಾಗೆ ಕೈ ಅಲ್ಲಿಗೆ ಸಿಕ್ಕಿಸಿಬಿಟ್ಟಿತ್ತು. ಅಕ್ಕ ಅದನ್ನೂ ತೆಗೆದುಕೊಂಡು, "ಇವಳು ಒಳಗೆ ಹೋಗಿ ಡಾಕ್ಟ್ರ ಕಾಲಿನ ಮುಳ್ಳು ತೆಗಿತಿದ್ಲೋ ಏನೋ" ಎಂದು ನರ್ಸಿನ ಹತ್ತಿರ ಹೇಳಿ ನಕ್ಕಳು.

ನಗುವುದಾದರೆ ನೀವೂ ನಗಿ. ಚಿನ್ನವಿಲ್ಲದೆ ನಾನು ಮದುವೆಗಳಿಗೆ ಹೋಗಿದ್ದೇನೆ, ಪಿನ್ನಿಲ್ಲದೆ ಹೋಗಿಲ್ಲ. ಕಡಬದ ಕಡೆಯ ಒಂದು ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದವಳು ನಾನು. ಹೊಲಿಗೆ ಟೀಚರನ್ನು ಶಾಲೆಯಲ್ಲಿ ಯಾರೂ ಟೀಚರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಣಿತದ ಮಾಸ್ಟ್ರು ರಜೆ ಹಾಕಿದ ದಿನ ಮಕ್ಕಳ ಬಾಯಿ ಮುಚ್ಚಿಸಲಿಕ್ಕೆ ಒಬ್ಬರು ಬೇಕಲ್ಲ, ಅದಕ್ಕೆ ಇಟ್ಟುಕೊಂಡದ್ದು. ಆದರೆ ಅದೇ ಗಣಿತದ ಮಾಸ್ಟ್ರು ಅಂಗಾಲಿಗೆ ಮುಳ್ಳು ಹೊಕ್ಕ ದಿನ ನನ್ನೆದುರು ಕುರ್ಚಿ ಎಳೆದು ಕೂತು, "ಟೀಚರೇ, ಒಂಚೂರು ನೋಡಿ" ಎಂದು ಪಾದ ಮುಂದೆ ಮಾಡುತ್ತಿದ್ದರು. ಶಾಲೆಯಲ್ಲಿ ನನಗೆ ಸಿಕ್ಕಿದ ಮರ್ಯಾದೆಯೆಲ್ಲ ಹೀಗೆ ಕಾಲಿನ ಕಡೆಯಿಂದಲೇ ಬಂದದ್ದು.

ನಮ್ಮ ಕಡೆ ಮುಳ್ಳು ತೆಗೆಯುವುದಕ್ಕೆ ಊರಿಗೊಬ್ಬರು ಇರುತ್ತಿದ್ದರು. ಅದಕ್ಕೆ ಅದರದ್ದೇ ಆದ ಕ್ರಮ ಉಂಟು. ಎಷ್ಟು ದೊಡ್ಡವರಾದರೂ ಕಾಲನ್ನು ತೆಗೆಯುವವರ ಮಡಿಲಲ್ಲಿ ಇಡಬೇಕು. ಹಿರಿಯರು ಕಿರಿಯರ ಮಡಿಲಲ್ಲಿ ಕಾಲಿಟ್ಟರೆ ಪಾಪವಿಲ್ಲ, ಕಿರಿಯರು ಹಿರಿಯರ ಮಡಿಲಲ್ಲಿ ಇಟ್ಟರೆ ಮಾತ್ರ ಕೆಲಸ ಮುಗಿದ ಮೇಲೆ ಮುಟ್ಟಿ ನಮಸ್ಕಾರ ಮಾಡಿ ಏಳಬೇಕು. ಪಿನ್ನನ್ನು ದೀಪದ ಕುಡಿಯಲ್ಲಿ ಕಾಯಿಸಬೇಕು. ಮುಳ್ಳಿನವರು "ಆಯಿತಾ, ಆಯಿತಾ" ಎಂದು ಕೇಳಬಾರದು, ಆದರೂ ಕೇಳುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು, ತೆಗೆದ ಮುಳ್ಳನ್ನು ಅಂಗೈಯಲ್ಲಿಟ್ಟು ತೋರಿಸಬೇಕು. ತೋರಿಸದಿದ್ದರೆ ನೋವು ಹೋಗುವುದಿಲ್ಲ. ತೋರಿಸಿದ ಕೂಡಲೇ ಎಲ್ಲರೂ ಹೇಳುವ ಮಾತು ಒಂದೇ: "ಅಬ್ಬ, ಇಷ್ಟು ದೊಡ್ಡದಾ!" ನಾಚಿಕೆ ಮುಳ್ಳಿನ ಕೂದಲಿನಷ್ಟು ತುಂಡಾದರೂ ಸರಿ, ಹೊಕ್ಕವನಿಗೆ ಅದು ದೊಡ್ಡದೇ. ಸಣ್ಣ ಮುಳ್ಳಿಗೆ ಅಷ್ಟು ಅತ್ತೆನೆಂದು ಯಾರು ಒಪ್ಪುತ್ತಾರೆ?

ನಾನು ಹುಟ್ಟಿ ಬೆಳೆದ ಮಂಡೆಕೋಲಿನಲ್ಲಿ ಈ ಕೆಲಸ ನನ್ನ ಅಜ್ಜಿಯದ್ದು. ಅವರ ಮಡಿಲಲ್ಲಿ ಗಡಿಯ ಆಚೆಯವರ ಮಲೆಯಾಳ ಕಾಲು, ಪೇಟೆಯಿಂದ ಬಂದ ನೆಂಟರ ತುಳು ಕಾಲು, ನಮ್ಮದೇ ಅರೆಭಾಷೆಯ ಕಾಲು, ಎಲ್ಲವೂ ಬಂದು ಹೋಗಿವೆ. ಅಜ್ಜಿ ಬೈಯುವುದು ಮಾತ್ರ ಎಲ್ಲರಿಗೂ ಒಂದೇ ಭಾಷೆಯಲ್ಲಿ. "ಕಣ್ಣು ಎಂತ ಬೆನ್ನಿಗೆ ಇಟ್ಟುಕೊಂಡು ನಡೆಯುದಾ?" ಎಂದು ಕೇಳಿ, ಬೆಲ್ಲ ಸುಣ್ಣ ಕಲಸಿದ್ದನ್ನು ಹಚ್ಚಿ ಕಳಿಸುತ್ತಿದ್ದರು. ಆಳವಾಗಿ ಹೋದ ಮುಳ್ಳಾದರೆ ಮರುದಿನ ಬರಬೇಕು. ಅಷ್ಟರಲ್ಲಿ ಅದು ತಾನಾಗಿ ಬಾಯಿ ಬಿಡುತ್ತಿತ್ತು. ಅವರ ಪಕ್ಕದಲ್ಲಿ ಚಿಮಿಣಿ ದೀಪ ಹಿಡಿದು ಕೂರುವುದು ನನ್ನ ಕೆಲಸ. ಅಕ್ಕನಿಗೆ ಆ ಕೆಲಸ ಕೊಟ್ಟರೆ ಅವಳು ಮುಳ್ಳಿನವರ ಮುಖ ನೋಡಿ ತಾನೇ ಅಳುತ್ತಿದ್ದಳು, ದೀಪ ಕುಣಿಯುತ್ತಿತ್ತು. ನನಗೆ ಮುಖದ ಗೊಡವೆ ಇರಲಿಲ್ಲ, ಕಾಲು ನೋಡಿದರೆ ಸಾಕು. ಮದುವೆಯಾಗದೆ ಉಳಿದದ್ದಕ್ಕೂ ಇದೇ ಕಾರಣವೆಂದು ಅಕ್ಕ ಈಗಲೂ ಹೇಳುತ್ತಾಳೆ. ಅವಳು ಮುಖ ನೋಡಿ ಮೆಚ್ಚಿ ಮದುವೆಯಾದ ಭಾವನನ್ನು ಕಂಡ ಮೇಲೆ ನನಗೆ ನನ್ನ ಆಯ್ಕೆಯ ಬಗ್ಗೆ ಏನೂ ಬೇಸರವಿಲ್ಲ.

ಆ ಕಾಲದಲ್ಲಿ ಕಣ್ಣಿಗೆ ಇದ್ದ ಔಷಧಿಗಳಾದರೂ ಎಷ್ಟು? ಕೆಂಗಣ್ಣಾದರೆ ನಂದಿಬಟ್ಟಲ ಹೂವನ್ನು ನೀರಿನಲ್ಲಿ ನೆನೆಹಾಕಿ ಆ ನೀರು ಬಿಡುವುದು. ಕಣ್ಣಿಗೆ ಕಸ ಬಿದ್ದರೆ ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆಂದು ನೋಡಿ ಒಂದು ಹನಿ ಎದೆಹಾಲು ಬೇಡುವುದು. ಎರಡಕ್ಕೂ ಗುಣವಾಗದಿದ್ದರೆ ದೃಷ್ಟಿಯಾಗಿದೆ ಎಂದು ಮೆಣಸು ಸುಡುವುದು, ಆ ಹೊಗೆಗೆ ಮನೆಯವರೆಲ್ಲರ ಕಣ್ಣೂ ಕೆಂಪಾಗುವುದು. ಇದನ್ನೆಲ್ಲ ಮಾಡಿಸಿಕೊಂಡ ಕಣ್ಣುಗಳು ಇಷ್ಟು ವರ್ಷ ಬಾಳಿದ್ದೇ ಹೆಚ್ಚು. ಆಗ ಕಣ್ಣಿಗೆ ಏನು ಹಾಕಬೇಕೆಂದು ಯಾರೂ ನಮ್ಮನ್ನು ಕೇಳುತ್ತಿರಲಿಲ್ಲ, ಹಿಡಿದು ಮಲಗಿಸಿ ಹಾಕುತ್ತಿದ್ದರು. ಈಗ ಕೇಳುತ್ತಾರೆ. ಕಷ್ಟವಿರುವುದು ಅಲ್ಲೇ.

ಬಲಗಣ್ಣಿಗೆ ಹಾಕಿದ್ದು ಸಾದಾ ಲೆನ್ಸ್. ದೂರದ್ದು ಚೆನ್ನಾಗಿ ಕಾಣುತ್ತದೆ. ದರ್ಬೆಯ ನನ್ನ ಮನೆಯ ಗೇಟಿನಲ್ಲಿ ನಿಂತರೆ ಬರುವ ಬಸ್ಸು ಸುಬ್ರಹ್ಮಣ್ಯದ್ದೋ ಸುಳ್ಯದ್ದೋ ಎಂದು ಬೋರ್ಡು ಓದಿ ಹೇಳಬಲ್ಲೆ. ಹತ್ತಿರದ್ದಕ್ಕೆ ಆ ಕಣ್ಣಿಗೆ ಕನ್ನಡಕ ಬೇಕು. ಎಡಗಣ್ಣಿನದ್ದು ಬೇರೆಯೇ ಕಥೆ. ಅದರಲ್ಲಿ ಪೊರೆ ಬೆಳೆಯುತ್ತಾ ಬೆಳೆಯುತ್ತಾ ದೂರದ್ದೆಲ್ಲ ಮಂಜಾಯಿತು, ಆದರೆ ಒಂದು ಗೇಣಿನಷ್ಟು ಹತ್ತಿರ ಹಿಡಿದದ್ದು ಮಾತ್ರ ಕನ್ನಡಕವಿಲ್ಲದೆ ಕಾಣತೊಡಗಿತು. ಸೂಜಿಗೆ ದಾರ ಪೋಣಿಸುವುದು, ಮುಳ್ಳು ಹುಡುಕುವುದು ಎಲ್ಲ ಈ ಕಣ್ಣಿನಲ್ಲೇ. ಪೊರೆ ಗಟ್ಟಿಯಾಗುವಾಗ ಕೆಲವರಿಗೆ ಹಾಗಾಗುತ್ತದಂತೆ, ಕಣ್ಣು ಹತ್ತಿರಕ್ಕೆ ತಿರುಗಿಕೊಳ್ಳುತ್ತದಂತೆ. ಲೋಕಕ್ಕೆಲ್ಲ ಅದು ಕೆಟ್ಟ ಕಣ್ಣು, ನನಗೆ ಅದೇ ಕೆಲಸದ ಕಣ್ಣು. ಆದರೆ ಕಳೆದ ಮಳೆಗಾಲದಿಂದ ಹತ್ತಿರವೂ ಮಸುಕಾಯಿತು, ಇನ್ನು ತಡ ಮಾಡಬಾರದೆಂದು ಡಾಕ್ಟ್ರು ಹೇಳಿದರು.

ಎರಡನೆಯ ಕಣ್ಣು ಎಂದ ಕೂಡಲೇ ಊರಿನವರೆಲ್ಲ ಕಣ್ಣಿನ ಡಾಕ್ಟ್ರುಗಳಾದರು. ಮೊದಲನೆಯ ಕಣ್ಣಿಗೆ ಯಾರೂ ಏನೂ ಹೇಳಿರಲಿಲ್ಲ, ಹೆದರಿಸಿದ್ದರು ಅಷ್ಟೇ. ಈಗ ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿ ಮುರಿದು ನೋಡುವವರೂ "ಮಲ್ಟಿಫೋಕಲ್ಲೇ ಹಾಕಿಸಿ" ಎನ್ನುತ್ತಾರೆ. ಆಟೋದವರು ಹೇಳುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸು, ಮೊದಲ ಆಪರೇಷನ್ನಿನಲ್ಲಿ ಕೊಟ್ಟ ನನ್ನ ಕಪ್ಪು ಕನ್ನಡಕ ನೋಡಿ, ಎಲ್ಲಿಂದ ಬಂದದ್ದು ಎಂದು ಕೇಳುವ ಮೊದಲೇ "ಫಾರಿನಿದ್ದಾ, ಇಲ್ಲಿದ್ದಾ?" ಎಂದು ಕೇಳಿದರು. ಕಣ್ಣೊಳಗಿನ ಲೆನ್ಸಿಗೂ ಕುಲಗೋತ್ರ ವಿಚಾರಿಸುವ ಊರು ನಮ್ಮದು. ಮೈಕೈ ನೋವೆಂದು ಹೇಳಿಕೊಳ್ಳುತ್ತಿದ್ದವರೆಲ್ಲ ಈಗ ಮದುವೆ ಹಾಲ್‌ನಲ್ಲಿ ಲೆನ್ಸ್ ಹೇಳಿಕೊಳ್ಳುತ್ತಾರೆ.

ಆಸ್ಪತ್ರೆಯಲ್ಲಿ ಲೆನ್ಸಿನ ವಿಷಯ ತಿಳಿಸಲಿಕ್ಕೆಂದೇ ಒಬ್ಬ ಹುಡುಗಿಯನ್ನು ಕೂರಿಸಿದ್ದಾರೆ. ಒಳ್ಳೆಯ ಹುಡುಗಿ, ನಗುಮುಖ. ಆದರೆ ಸೀರೆ ಅಂಗಡಿಯಲ್ಲಿ ತೋರಿಸುವ ಹಾಗೆ ಕೆಳಗಿನದ್ದನ್ನು ಬೇಗ ಮಡಚಿ ಮೇಲಿನದ್ದನ್ನು ನಿಧಾನ ಬಿಡಿಸುತ್ತಾಳೆ. ಸಾದಾ ಲೆನ್ಸಿನ ಮೇಲೆ ಅರ್ಧ ವಾಕ್ಯ. ಮಲ್ಟಿಫೋಕಲ್ಲಿಗೆ ಬರುವಾಗ ಬಣ್ಣದ ಹಾಳೆ. ಅದರಲ್ಲಿ ಬೆಳ್ಳಿ ಕೂದಲಿನ ಗಂಡ ಹೆಂಡತಿ ಸಮುದ್ರದ ಬದಿಯಲ್ಲಿ ಕನ್ನಡಕವಿಲ್ಲದೆ ನಗುತ್ತಿದ್ದಾರೆ.

"ಇದು ಹಾಕಿದ್ರೆ ಕನ್ನಡಕದಿಂದ ಸ್ವಾತಂತ್ರ್ಯ ಅಮ್ಮ" ಎಂದಳು.

"ಹೇಗೆ ಅದು? ಒಂದೇ ಲೆನ್ಸಿನಲ್ಲಿ ದೂರ ಹತ್ತಿರ ಎರಡೂ?"

"ಅದ್ರಲ್ಲಿ ಉಂಗುರ ಉಂಗುರ ಉಂಟು. ಬೆಳಕನ್ನು ಪಾಲು ಮಾಡಿ ದೂರಕ್ಕೆ ಸ್ವಲ್ಪ, ಹತ್ತಿರಕ್ಕೆ ಸ್ವಲ್ಪ, ನಡುವಿಗೆ ಸ್ವಲ್ಪ ಕೊಡ್ತದೆ."

ಪಾಲು ಎಂದ ಕೂಡಲೇ ನನಗೆ ನಮ್ಮ ಮನೆತನದ ಜಾಗ ಪಾಲಾದದ್ದು ನೆನಪಾಯಿತು. ದೊಡ್ಡ ಗದ್ದೆಯಾಗಿದ್ದದ್ದು ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಿಕ್ಕಿ, ಯಾರಿಗೂ ಉಳುವಷ್ಟು ಉಳಿಯಲಿಲ್ಲ. ಆದರೂ ಸುಳ್ಳು ಯಾಕೆ ಹೇಳಲಿ, ಆ ಹಾಳೆಯ ಬೆಳ್ಳಿ ಕೂದಲಿನ ಹೆಂಗಸನ್ನು ನೋಡಿ ನನಗೂ ಆಸೆಯಾಯಿತು. ಫೋಟೋದಲ್ಲಿ ಕನ್ನಡಕವಿಲ್ಲದೆ ನಾನು ಚೆನ್ನಾಗಿ ಕಾಣುತ್ತೇನೆಂದು ಯಾವಾಗಲೋ ಒಬ್ಬರು ಹೇಳಿದ್ದರು. ಆ ಒಂದು ಮಾತನ್ನು ಇಷ್ಟು ವರ್ಷ ಇಟ್ಟುಕೊಂಡವಳು ನಾನು. ಹುಡುಗಿಗೆ ಹೂಂ ಎನ್ನಲಿಕ್ಕೆ ಬಾಯಿ ತೆರೆದು, ಯೋಚನೆ ಮಾಡಿ ಹೇಳುತ್ತೇನೆಂದು ಎದ್ದು ಬಂದೆ.

ಇನ್ನು ಭಾವನ ವಿಷಯಕ್ಕೆ ಬರಬೇಕು. ಭಾವನ ಮನೆ ಸುಳ್ಯದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ. ಲೋಕಕ್ಕೆ ಏನೇ ಹೊಸತು ಬಂದರೂ ಅದು ಮೊದಲು ಭಾವನ ಅಂಗಳದಲ್ಲಿ ಇಳಿದು ಮತ್ತೆ ಮುಂದೆ ಹೋಗುತ್ತದೆ. ವೆನಿಲ್ಲಾ ಬಂದಾಗ ಬೆಳಿಗ್ಗೆ ಎದ್ದು ಒಂದೊಂದೇ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುತ್ತಾ ಕೂತರು. ಕಳ್ಳರು ಬಂದಾರೆಂದು ನಾಯಿ ಸಾಕಿದರು. ಕ್ರಯ ಬಿದ್ದಿತು, ನಾಯಿ ಉಳಿಯಿತು. ಆಮೇಲೆ ರಂಬುಟಾನ್. ಅದರ ಫಲವನ್ನು ಬಾವಲಿಗಳು ಇಂದಿಗೂ ಹೊಗಳುತ್ತವೆ. ಈಗ ಡ್ರ್ಯಾಗನ್ ಫ್ರೂಟ್. ಕಲ್ಲಿನ ಕಂಬಗಳಿಗೆ ಕಳ್ಳಿ ಕಟ್ಟಿ, ಬೇಗ ಹೂ ಬಿಡಲೆಂದು ರಾತ್ರಿ ಅದಕ್ಕೆ ಬಲ್ಬು ಉರಿಸಿ, ಬಂದವರಿಗೆಲ್ಲ ಕೆಂಪು ಹಣ್ಣು ಕೊಯ್ದು ಕೊಡುತ್ತಾರೆ. ತಿಂದವರು ಹಣ್ಣಿನ ಬಣ್ಣವನ್ನು ಹೊಗಳುತ್ತಾರೆ, ರುಚಿಯ ಬಗ್ಗೆ ಯಾರೂ ಏನೂ ಹೇಳಿದ್ದನ್ನು ನಾನು ಕೇಳಿಲ್ಲ. ಇಂಥವರು ಕಣ್ಣಿಗೆ ಸಾದಾ ಲೆನ್ಸ್ ಹಾಕಿಸಿಕೊಂಡಾರೇ? ಎರಡೂ ಕಣ್ಣಿಗೆ ಮಲ್ಟಿಫೋಕಲ್.

ಅಂದಿನಿಂದ ಯಾವ ಸಮಾರಂಭಕ್ಕೆ ಹೋದರೂ ಭಾವನಿಗೆ ಓದುವುದೇ ಕೆಲಸ. ಆಮಂತ್ರಣ ಪತ್ರಿಕೆ ಕೊಟ್ಟರೆ ವಧುವರರ ಹೆಸರು ಬಿಟ್ಟು, ಅಡಿಯಲ್ಲಿ ಇರುವೆಯಷ್ಟು ಸಣ್ಣಗೆ ಅಚ್ಚಾದ ಪ್ರೆಸ್ಸಿನ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ನೀರಿನ ಬಾಟಲಿ ಕೊಟ್ಟರೆ ಅದರ ತಾರೀಕು. ಓದಿ, ಕನ್ನಡಕ ಹುಡುಕುತ್ತಿರುವ ತನ್ನ ಪ್ರಾಯದವರನ್ನು ಅನಾಥರನ್ನು ನೋಡುವ ಹಾಗೆ ನೋಡುತ್ತಾರೆ. ಆದರೆ ಸಂಜೆ ದೀಪ ಹಾಕುವ ಹೊತ್ತಿಗೆ ಭಾವ ಯಾವ ಹಾಲ್‌ನಲ್ಲೂ ಸಿಗುವುದಿಲ್ಲ. ಊಟಕ್ಕೆ ಎಲೆ ಹಾಕಿದ್ದರೂ ಕಾರಿನ ಕೀ ಹಿಡಿದು ಎದ್ದು ಬಿಡುತ್ತಾರೆ. ಕಾರಣ ಅಕ್ಕ ಹೇಳಿದಳು. ಕತ್ತಲೆಯಾದ ಮೇಲೆ ಎದುರಿನಿಂದ ಬರುವ ಪ್ರತಿ ಗಾಡಿಯ ದೀಪದ ಸುತ್ತ ಅವರಿಗೆ ಉಂಗುರ ಕಾಣುತ್ತದಂತೆ. ನಮ್ಮ ಕಾಲದಲ್ಲಿ ದೇವರಿಗೆ ಮಾತ್ರ ಪ್ರಭಾವಳಿ ಇತ್ತು. ಭಾವನಿಗೆ ಮೀನಿನ ಲಾರಿಗೂ ಕಾಣುತ್ತದೆ.

"ಅದೆಲ್ಲ ಸ್ವಲ್ಪ ದಿನದಲ್ಲಿ ಹೋಗ್ತದೆ ಮಾರಾಯ್ತಿ. ತಲೆಗೆ ಅಭ್ಯಾಸ ಆಗ್ಬೇಕು" ಎಂದರು ಭಾವ, ನಾನು ಕೇಳಿದಾಗ.

"ನಿಮ್ಮ ತಲೆಗೆ ಯಾವುದಾದ್ರೂ ಅಭ್ಯಾಸ ಆಗುವಷ್ಟು ದಿನ ಉಳಿದದ್ದುಂಟಾ ಭಾವ?" ಎಂದೆ. ಅಕ್ಕ ಅಡಿಗೆ ಮನೆಯಿಂದ ಕೆಮ್ಮಿದಳು.

ಹೀಗಿರುವಾಗ, ನಾನು ಆಸ್ಪತ್ರೆಗೆ ಉತ್ತರ ಹೇಳಬೇಕಾದ ವಾರದಲ್ಲಿ ಭಾವ ನನ್ನ ಮನೆಗೆ ಬಂದರು. ಬಲಗೈಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡಿದ್ದರು. ಡ್ರ್ಯಾಗನ್ ಫ್ರೂಟಿನ ಕಳ್ಳಿಯನ್ನು ಕಂಬಕ್ಕೆ ಬಿಗಿಯುವಾಗ ಅಂಗೈಗೆ ಮುಳ್ಳು ಹೊಕ್ಕಿದೆ. ಎರಡು ದಿನದಿಂದ ತಾನೇ ತೆಗೆಯಲಿಕ್ಕೆ ನೋಡಿ ಸೋತಿದ್ದಾರೆ.

"ಪ್ರೆಸ್ಸಿನ ಹೆಸರು ಕಾಣ್ತದೆ, ನಿಮ್ಮ ಕೈಯ ಮುಳ್ಳು ಕಾಣುದಿಲ್ವಾ?" ಎಂದೆ.

"ಎಡಗೈಲಿ ತೆಗಿಲಿಕ್ಕೆ ಆಗ್ಬೇಕಲ್ಲ. ಕಾಣ್ತದೆ, ಸರಿಯಾಗಿ ಕಾಣ್ತದೆ" ಎಂದರು.

ಮಡಿಲಿಗೆ ಟವಲ್ ಹಾಸಿ, ಅವರ ಕೈಯನ್ನು ಅದರ ಮೇಲಿಟ್ಟೆ. ಮೋಡದ ದಿನ, ಕರೆಂಟು ಬೇರೆ ಹೋಗಿತ್ತು. ಬಲಗಣ್ಣು ಮುಚ್ಚಿ ಎಡಗಣ್ಣನ್ನು ಅಂಗೈಗೆ ತಾಗುವಷ್ಟು ಹತ್ತಿರ ಒಯ್ದೆ. ಮಸುಕಿನಲ್ಲಿ ತುಂಬಾ ಹೊತ್ತು ಹುಡುಕಿ, ಬೆರಳಿನ ಬುಡದಲ್ಲಿ ಒಂದು ಕಡೆ ಚರ್ಮ ಸ್ವಲ್ಪ ಬಿಗಿದುಕೊಂಡದ್ದು ಕಂಡಿತು. ಡ್ರ್ಯಾಗನ್ ಫ್ರೂಟಿನ ಮುಳ್ಳು ನಮ್ಮ ಹಳೆಯ ಮುಳ್ಳುಗಳ ಹಾಗೆ ಕಪ್ಪಗೆ ಕಾಣಿಸಿಕೊಳ್ಳುವುದಿಲ್ಲ, ಚರ್ಮದ ಬಣ್ಣದಲ್ಲೇ ಅಡಗಿ ಕೂರುತ್ತದೆ. ಪಿನ್ನಿನ ತುದಿ ಕೊಟ್ಟು ಎಬ್ಬಿಸಿದೆ. ಅದು ತುದಿಗೆ ಅಂಟಿಕೊಂಡು ಬಂದಿತು. ಪಿನ್ನನ್ನು ಟವಲಿನ ಮೇಲಿಟ್ಟೆ. ಆಗ ನನಗೆ ಒಂದು ಕುಬುದ್ಧಿ ಹುಟ್ಟಿತು. ಬರಿದಾದ ಎಡ ಅಂಗೈಯನ್ನು ಚಾಚಿ ಭಾವನ ಮುಖದ ಮುಂದೆ ಹಿಡಿದೆ.

"ನೋಡಿ."

ಭಾವ ಬಗ್ಗಿ ನೋಡಿದರು. ಅಂಗೈಯನ್ನು ಸ್ವಲ್ಪ ದೂರ ಮಾಡಿ ನೋಡಿದರು, ಹತ್ತಿರ ತಂದು ನೋಡಿದರು. ಮತ್ತೆ ಹೇಳಿದರು: "ಅಬ್ಬ, ಇಷ್ಟು ದೊಡ್ಡದಾ ಮಾರಾಯ್ತಿ! ಅದಕ್ಕೇ ಅಷ್ಟು ನೋವು!"

ನಾನು ಚಾ ಮಾಡಲಿಕ್ಕೆ ಎದ್ದೆ. ಹೊಟ್ಟೆಯಲ್ಲಿ ನಗು ಉಕ್ಕುತ್ತಿತ್ತು. ಇಲ್ಲದ ಮುಳ್ಳನ್ನು ಕಂಡು ಕೈ ಕೊಡವಿಕೊಂಡು, ಚಾ ಕುಡಿದು, "ನೀನೂ ಮಲ್ಟಿಯೇ ಹಾಕಿಸು, ಆಮೇಲೆ ಪಶ್ಚಾತ್ತಾಪ ಪಡ್ಬೇಡ" ಎಂದು ಉಪದೇಶ ಮಾಡಿ, ದೀಪ ಹತ್ತುವ ಮೊದಲು ಭಾವ ಹೊರಟು ಹೋದರು. ಗೇಟು ಹಾಕಿ ಒಳಗೆ ಬಂದೆ. ನಗಬೇಕೆಂದು ಕೂತರೆ ನಗು ಬರಲಿಲ್ಲ.

ಬಂದದ್ದು ಅಜ್ಜಿಯ ನೆನಪು. ನಾನು ದೊಡ್ಡವಳಾಗುವ ಹೊತ್ತಿಗೆ ಅಜ್ಜಿಯ ಕಣ್ಣಿಗೂ ಪೊರೆ ಬಂದಿತು. ಶಾಲೆಯಲ್ಲಿ ಕಣ್ಣಿನ ಶಿಬಿರ ಆದಾಗ ಬೆಂಚುಗಳನ್ನು ಬದಿಗೆ ಸರಿಸಿ ಸಾಲಾಗಿ ಮಲಗಿಸಿದ್ದರು. ಆಗ ಒಳಗೆ ಲೆನ್ಸ್ ಇಡುತ್ತಿರಲಿಲ್ಲ. ಪೊರೆ ತೆಗೆದು, ಸೋಡಾ ಬಾಟಲಿಯ ತಳದಂಥ ಕನ್ನಡಕ ಕೊಟ್ಟು ಕಳಿಸಿದರು. ಅದರಲ್ಲಿ ಅಜ್ಜಿಗೆ ನಾವೆಲ್ಲ ದೊಡ್ಡದಾಗಿ ಕಂಡೆವು, ಆದರೆ ಪಿನ್ನಿನ ತುದಿ ಒಂದು ಕಡೆ, ಮುಳ್ಳು ಇನ್ನೊಂದು ಕಡೆ. ಒಬ್ಬರ ಕಾಲಿಗೆ ರಕ್ತ ಬರಿಸಿದರು. ಇನ್ನೊಬ್ಬರಿಗೆ ಮುಳ್ಳು ಒಳಗೇ ಉಳಿದು ಕೀವಾಯಿತು. ಯಾರೂ ಅಜ್ಜಿಯನ್ನು ದೂರಲಿಲ್ಲ, ಬರುವುದನ್ನು ನಿಲ್ಲಿಸಿದರು. ಮುಳ್ಳು ಹೊಕ್ಕವರು ನಮ್ಮ ಮನೆಯ ಎದುರಿನಿಂದಲೇ ಕುಂಟುತ್ತಾ ಬೇರೆ ಕಡೆ ಹೋಗುತ್ತಿದ್ದರು, ಕುಂಟುವುದು ಕಾಣಬಾರದೆಂದು ನಮ್ಮ ಅಂಗಳದ ಉದ್ದಕ್ಕೆ ಮಾತ್ರ ನೆಟ್ಟಗೆ ನಡೆಯುತ್ತಿದ್ದರು. ಅಜ್ಜಿಗೆ ದೂರದ್ದು ಈಗ ಚೆನ್ನಾಗಿ ಕಾಣುತ್ತಿತ್ತು, ಅದನ್ನೂ ನೋಡಿದರು. ಒಂದು ದಿನ ಟವಲನ್ನು ಮಡಿಲಿಗೆ ಹಾಕಿಕೊಂಡು ಸುಮ್ಮನೆ ಕೂತವರು, "ಈಗ ನಂಗೆ ಯಾರೂ ಕಾಲು ಕೊಡುದಿಲ್ಲ ಮಗಾ" ಎಂದರು.

ನನಗೆ ಹೆದರಿಕೆಯಾಯಿತು. ಒಬ್ಬಳೇ ಇರುವವಳು ನಾನು. ರಿಟೈರಾದ ಮೇಲೆ ಮನೆಯಲ್ಲೇ ಮಾಡುವ ಹೊಲಿಗೆಗೆ ಬರುವವರು ಕಡಿಮೆಯಾಗಿದ್ದಾರೆ, ಸಿದ್ಧ ಉಡುಪು ಎಲ್ಲ ಕಡೆ ಸಿಗುತ್ತದೆ. ಶಾಲೆಯ ಕಾಲದವರು ಫೋನು ಮಾಡುವುದು ಮುಳ್ಳು ಹೊಕ್ಕಾಗ ಮಾತ್ರ. ಆ ನೆಪದಲ್ಲಿ ಬಂದವರು ಕೂತು ಚಾ ಕುಡಿದು ಮನೆಯ ಸುದ್ದಿ ಹೇಳಿ ಹೋಗುತ್ತಾರೆ. ಮುಳ್ಳು ನಿಂತರೆ ಈ ಗೇಟು ತೆರೆಯುವವರು ಹಾಲಿನವನು ಮತ್ತು ಕರೆಂಟು ಬಿಲ್ಲಿನವನು ಇಬ್ಬರೇ. ಸಮುದ್ರದ ಬದಿಯಲ್ಲಿ ಕನ್ನಡಕವಿಲ್ಲದೆ ನಗುವುದಕ್ಕೆ ಹೋಗಿ ಈ ಕೆಲಸದ ಕಣ್ಣನ್ನು ಕಳೆದುಕೊಂಡರೆ ನನಗೆ ಉಳಿಯುವುದೇನು?

ಡಾಕ್ಟ್ರು ತಾಳ್ಮೆಯವರು. ಮಲ್ಟಿಫೋಕಲ್ ಬೇಕಾ ಬೇಡವಾ ಎಂದು ಕೇಳುವ ಮೊದಲು, "ದಿನವಿಡೀ ಎಂತ ಮಾಡ್ತೀರಿ?" ಎಂದು ಕೇಳಿದರು.

"ಹೊಲಿಗೆ" ಎಂದೆ.

"ಮತ್ತೆ?"

ಹೇಳಲಿಕ್ಕೆ ನಾಚಿಕೆಯಾಯಿತು. ಆ ತಣ್ಣಗಿನ ಕೋಣೆಯಲ್ಲಿ, ಅಷ್ಟೆಲ್ಲ ಮಿಷನ್ನುಗಳ ನಡುವೆ ಹೇಳುವ ಮಾತೇ ಅದು? "ಮುಳ್ಳು ತೆಗಿತೇನೆ" ಎಂದೆ. ಅವರು ನಗಲಿಲ್ಲ. ಎಷ್ಟು ಹತ್ತಿರ ಹಿಡಿದು ನೋಡುತ್ತೀರಿ, ತೋರಿಸಿ ಎಂದರು. ತೋರಿಸಲಿಕ್ಕೆ ಬೇರೆ ಕೈ ಇರಲಿಲ್ಲ, ಅವರದ್ದೇ ಕೈ ಹಿಡಿದೆಳೆದು ನನ್ನ ಎಡಗಣ್ಣಿನ ಮುಂದೆ ಹಿಡಿದೆ. ಬಾಗಿಲಲ್ಲಿದ್ದ ನರ್ಸಿಗೆ ಗಾಬರಿಯಾಯಿತು. ಡಾಕ್ಟ್ರು ಇನ್ನೊಂದು ಕೈಯಲ್ಲಿ ಸ್ಕೇಲು ತೆಗೆದುಕೊಂಡು ಅಳೆದರು.

"ನೋಡಿ ಟೀಚರೇ, ಮಲ್ಟಿಫೋಕಲ್ ಕೆಟ್ಟದಲ್ಲ. ತುಂಬಾ ಜನ ಖುಷಿಯಲ್ಲಿದ್ದಾರೆ. ಆದ್ರೆ ಬೆಳಕು ಪಾಲಾಗ್ತದೆ, ಮಂದ ಬೆಳಕಿನಲ್ಲಿ ಚರ್ಮದ ಮೇಲೆ ಚರ್ಮದ್ದೇ ಬಣ್ಣದ ಮುಳ್ಳು ಹುಡುಕುದು ಅದ್ರಲ್ಲಿ ಸ್ವಲ್ಪ ಕಷ್ಟ ಆದೀತು. ಸಾದಾ ಲೆನ್ಸನ್ನೇ ಹತ್ತಿರಕ್ಕೆ ಹೊಂದಿಸಿ ಹಾಕ್ಬಹುದು. ಬಲಗಣ್ಣು ದೂರಕ್ಕೆ, ಎಡಗಣ್ಣು ಹತ್ತಿರಕ್ಕೆ."

"ಹಾಗೆ ಬೇರೆ ಬೇರೆ ಆಗ್ತದಾ?"

"ಎಲ್ಲರ ತಲೆಗೂ ಅದು ಒಗ್ಗುದಿಲ್ಲ. ನೀವು ಎರಡು ವರ್ಷದಿಂದ ಹಾಗೇ ಇದ್ದೀರಲ್ಲ. ಈಗ ನೋಡುವಷ್ಟು ಹತ್ತಿರಕ್ಕೇ ಇಡುದಿಲ್ಲ, ಒಂದು ಗೇಣಿಗಿಂತ ಸ್ವಲ್ಪ ದೂರ ಹಿಡಿಯಬೇಕಾದೀತು. ಮೆಟ್ಟಿಲು ಇಳಿಯುವಾಗ ಜಾಗ್ರತೆ. ಕೆಲವು ಸಲ ಕನ್ನಡಕ ಬೇಕಾದ್ರೆ ಹಾಕಿಕೊಳ್ಳಿ, ಅದೇನೂ ಪಾಪ ಅಲ್ಲ."

ನಾನು ಆಗಲೇ ಹೂಂ ಎಂದೆ. ಸುದ್ದಿ ಕೇಳಿ ಭಾವ ಫೋನು ಮಾಡಿದರು. "ಒಂದು ಕಣ್ಣು ಅಲ್ಲಿ, ಒಂದು ಕಣ್ಣು ಇಲ್ಲಿ! ಓಬೀರಾಯನ ಕಾಲದ ಲೆನ್ಸು! ನಿಂಗೆ ಯಾರು ಬುದ್ಧಿ ಹೇಳ್ಲಿಕ್ಕೆ ಆಗ್ತದೆ?" ಎಂದರು. ನಾನು ಡ್ರ್ಯಾಗನ್ ಫ್ರೂಟಿನ ಕ್ರಯ ಎಷ್ಟಾಯಿತೆಂದು ಕೇಳಿದೆ. ಫೋನು ಅಕ್ಕನ ಕೈಗೆ ಹೋಯಿತು.

ಆಪರೇಷನ್ ಆಯಿತು. ಪಿನ್ನನ್ನು ಈ ಸಲ ಮೊದಲೇ ಅಕ್ಕನಿಗೆ ಕೊಟ್ಟಿದ್ದೆ. ನೀರು ತಾಗಿಸಬಾರದು, ಬಗ್ಗಬಾರದು, ಉಜ್ಜಬಾರದು ಎಂದು ಹೇಳಿದ ದಿನಗಳೆಲ್ಲ ಕಳೆದವು. ಸೂಜಿಗೆ ದಾರ ಹೋಯಿತು. ಬಟ್ಟೆಯ ನೂಲು ಎಣಿಸುವಷ್ಟು ಚೆನ್ನಾಗಿ ಕಂಡಿತು. ಆದರೆ ಬಟ್ಟೆ ಬೇರೆ, ಜನರ ಮೈ ಬೇರೆ. ಬಟ್ಟೆ ಹೆದರಿ ಕೈ ಹಿಂದೆ ಎಳೆಯುವುದಿಲ್ಲ. ಒಂದು ಮುಳ್ಳಾದರೂ ಸಿಕ್ಕಿದ್ದರೆ ಗೊತ್ತಾಗುತ್ತಿತ್ತು. ಯಾರೂ ಬರಲಿಲ್ಲ. "ಟೀಚರಿಗೆ ಆಪರೇಷನ್ ಆಗಿದೆ, ತೊಂದರೆ ಕೊಡುದು ಬೇಡ" ಎಂದು ಮಾತಾಡಿಕೊಂಡರಂತೆ. ಈ ಊರಿನವರ ದಾಕ್ಷಿಣ್ಯಕ್ಕೆ ನನ್ನ ಧಿಕ್ಕಾರವಿದೆ. ಬೇಡದ ಉಪದೇಶ ಕೊಡುವಾಗ ಇರದ ದಾಕ್ಷಿಣ್ಯ, ಬೇಕಾದ ಕಾಲು ಕೊಡುವಾಗ ಎಲ್ಲಿಂದ ಬರುತ್ತದೋ! ಅಕ್ಕನ ಹತ್ತಿರ ಒಂದು ದಿನ ಫೋನಿನಲ್ಲಿ ಇದನ್ನೇ ಬೈದೆ. ಅಜ್ಜಿಯ ಹಾಗಾಯಿತು ಅಕ್ಕ ಎಂದೆ. ಅವಳು ಹಾಲು ಉಕ್ಕುತ್ತದೆ ಎಂದು ಫೋನು ಇಟ್ಟಳು.

ಮರುದಿನ ಮಧ್ಯಾಹ್ನ ಭಾವ ಬಂದರು. ಬಲಗೈಗೆ ಕರ್ಚೀಫು.

"ಎಂತ ಭಾವ, ಮತ್ತೆ ಡ್ರ್ಯಾಗನಾ?"

"ಹೌದು ಮಾರಾಯ್ತಿ. ತೋಟದಿಂದ ಸೀದಾ ಬಂದೆ. ತುಂಬಾ ಆಳ ಹೋಗಿದೆ. ಅಯ್ಯೋ!" ಎಂದರು. ನಾನು ಇನ್ನೂ ಕರ್ಚೀಫು ಬಿಚ್ಚಿರಲಿಲ್ಲ.

ಸುಳ್ಳು ಹೇಳುವುದಕ್ಕೂ ಈ ಮನುಷ್ಯನಿಗೆ ಬರುವುದಿಲ್ಲ. ತೋಟದಿಂದ ಸೀದಾ ಬಂದವರ ಮೈಮೇಲೆ ಇಸ್ತ್ರಿ ಹಾಕಿದ ಶರ್ಟು, ಕಾಲಲ್ಲಿ ಮದುವೆಗೆ ಹಾಕುವ ಚಪ್ಪಲಿ. ನಾನು ಟವಲು ಹಾಸಿದೆ. ಅವರ ಕೈಯನ್ನು ಮಡಿಲಿಗೆ ತೆಗೆದುಕೊಂಡು, ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ನೋಡಿದೆ. ಮಾರಾಯ್ರೆ, ಏನು ಹೇಳಲಿ! ಅಂಗೈಯ ಗೆರೆಗಳ ಒಳಗಿನ ಗೆರೆಗಳು ಕಂಡವು. ಕಳೆದ ಸಲ ನಾನು ಮುಳ್ಳು ತೆಗೆದ ಜಾಗದಲ್ಲಿ ಉಳಿದ ಸಣ್ಣ ಬಿಳಿ ಚುಕ್ಕೆ ಕಂಡಿತು. ಉಗುರಿನ ಬದಿಯಲ್ಲಿ ಬೆಳಗ್ಗಿನ ದೋಸೆ ಪಲ್ಯದ ಅರಶಿನ ಕಂಡಿತು. ಹೆಬ್ಬೆರಳಿನ ಬುಡದಿಂದ ಕಿರುಬೆರಳಿನ ತುದಿಯವರೆಗೆ, ಅಲ್ಲಿಂದ ಮಣಿಕಟ್ಟಿನವರೆಗೆ ನೋಡಿದೆ. ಮುಳ್ಳು ಇರಲಿಲ್ಲ.

ಶಾಲೆಯಲ್ಲಿ ಲೆಕ್ಕದ ಪಿರಿಯಡ್ ತಪ್ಪಿಸಲಿಕ್ಕೆ ಕೆಲವು ಮಕ್ಕಳು ಹೀಗೇ ಬರುತ್ತಿದ್ದರು, ಪಿನ್ನು ಕಾಣುವ ಮೊದಲೇ ಅಳುತ್ತಿದ್ದರು. ಅವರನ್ನು ನಾನು ಕಿವಿ ಹಿಂಡಿ ಕಳಿಸುತ್ತಿದ್ದೆ. ಈಗ ತಲೆಯೆತ್ತಿ ನೋಡಿದೆ. ಇಷ್ಟು ಹತ್ತಿರದಿಂದ ಭಾವನ ಮುಖವನ್ನು ನಾನು ಎಂದೂ ನೋಡಿರಲಿಲ್ಲ. ಅವರು ಬೇರೆ ಕಡೆ ನೋಡುತ್ತಿದ್ದರು. ವೆನಿಲ್ಲಾ, ರಂಬುಟಾನ್, ಡ್ರ್ಯಾಗನ್ ಎಲ್ಲದರಲ್ಲೂ ಸೋತ ಆ ಮುಖದಲ್ಲಿ, ಇದಾದರೂ ಸರಿಯಾಗಲಿ ಎನ್ನುವ ಒಂದು ಹೆದರಿಕೆ ಇತ್ತು. ಮೂವತ್ತು ಕಿಲೋಮೀಟರಿಗಿಂತ ಹೆಚ್ಚು ದೂರದಿಂದ, ಇಲ್ಲದ ಮುಳ್ಳು ಹಿಡಿದುಕೊಂಡು ಬಂದಿದ್ದರು. ಅಕ್ಕನ ಹಾಲು ನಿನ್ನೆ ಯಾಕೆ ಉಕ್ಕಿತೆಂದು ಆಗ ಗೊತ್ತಾಯಿತು.

ಪಿನ್ನಿನ ತುದಿಯನ್ನು ಅಂಗೈಗೆ ತಾಗಿತೋ ಇಲ್ಲವೋ ಎಂಬಷ್ಟು ಮುಟ್ಟಿಸಿದೆ. "ಸಿಕ್ಕಿತು" ಎಂದೆ. ಬರಿದಾದ ನನ್ನ ಎಡ ಅಂಗೈಯನ್ನು ಚಾಚಿ ಹಿಡಿದೆ. ಅದರಲ್ಲಿ ಏನೂ ಇಲ್ಲವೆಂದು ನನಗೂ ಗೊತ್ತು, ಅವರಿಗೂ ಗೊತ್ತು.

"ನೋಡಿ ಭಾವ."

ಭಾವ ಬಗ್ಗಿ, ಬಹಳ ಹೊತ್ತು ನೋಡಿದರು.

"ಅಬ್ಬ, ಇಷ್ಟು ದೊಡ್ಡದಾ ಮಾರಾಯ್ತಿ!" ಎಂದರು.

"ಹೌದು ಭಾವ, ತುಂಬಾ ಒಳಗೆ ಇತ್ತು" ಎಂದೆ.